ಗಂಟೆ ಲೆಕ್ಕ, ಗೋಲ್ಡ್ ಪ್ಯಾಕೇಜ್, ಬಿಡಿ ರೇಟ್: ಮೂರನ್ನೂ ಮಾಡಿ ನೋಡಿದೆ

ದಾವಣಗೆರೆಯಲ್ಲಿ ಮದುವೆ ವಿಡಿಯೊ ಮಾಡುವುದು ನನ್ನ ಕೆಲಸ. ಮೂರು ಸೀಜನ್‌ನಲ್ಲಿ ಮೂರು ತರಹ ರೇಟ್ ಇಟ್ಟು ನೋಡಿದ್ದೇನೆ. ಆಷಾಢದಲ್ಲಿ ಮದುವೆ ಇರಲ್ಲ, ಹಳೇ ಆರ್ಡರ್ ಪುಸ್ತಕ ತೆಗೆದು ಕೂತೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಇಟ್ಟಿದ್ದು ಗಂಟೆ ಲೆಕ್ಕ. ನಿಂತಷ್ಟು ಹೊತ್ತಿಗೆ ದುಡ್ಡು, ನಮಗೆ ನಷ್ಟ ಇಲ್ಲ. ಆದರೆ ನಮ್ಮ ಕಡೆ ಹೊತ್ತಿಗೆ ಸರಿಯಾಗಿ ಆಗುವುದು ಮುಹೂರ್ತ ಒಂದೇ. ಕಾರ್ಡಿನಲ್ಲಿ ಆರತಕ್ಷತೆ ಏಳಕ್ಕೆ ಅಂತ ಇರುತ್ತೆ, ಹೆಣ್ಣು-ಗಂಡು ಸ್ಟೇಜ್ ಹತ್ತುವಾಗ ಎಂಟೂವರೆ. ಒಂದು ಮದುವೆಯಲ್ಲಿ ಬೀಗರ ಬಸ್ಸು ಹರಿಹರದ ಹತ್ತಿರ ಕೆಟ್ಟು ನಿಂತಿತು. ಹುಡುಗಿಯ ಅಪ್ಪ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ತಮ್ಮಾ, ಈಗ ಕಾಯ್ತಾ ಇರೋದೂ ಲೆಕ್ಕಕ್ಕೆ ಬರುತ್ತಾ?" ಮಗಳ ಮದುವೆ ದಿನ ಅವರಿಗೆ ಆ ಚಿಂತೆ ತಂದವನು ನಾನು. ತುಂಬಾ ಬೇಜಾರಾಯಿತು. ನಾಮಕರಣ, ಸೀಮಂತದಂಥ ಅರ್ಧ ದಿನದ ಕೆಲಸಕ್ಕೆ ಈಗಲೂ ಗಂಟೆ ಲೆಕ್ಕವೇ ಸರಿ. ಮದುವೆಗೆ ಬೇಡ.

ಮುಂದಿನ ಸೀಜನ್‌ಗೆ ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ಕಾರ್ಡ್ ಪ್ರಿಂಟ್ ಹಾಕಿಸಿದೆ. ಮಾತುಕತೆ ಬೇಗ ಮುಗಿಯುತ್ತಿತ್ತು, ಜಾಸ್ತಿ ಜನ ಗೋಲ್ಡ್ ಅನ್ನುತ್ತಿದ್ದರು. ಚೌಕಾಸಿ ಇದ್ದದ್ದೇ: "ಡ್ರೋನ್ ಬೇಡಣ್ಣ, ಅದರ ಬದಲು ಪ್ರೀ ವೆಡ್ಡಿಂಗ್ ಕೊಡು." ಅದನ್ನು ಹೇಗೋ ನಿಭಾಯಿಸಬಹುದು.

ತಪ್ಪಾಗಿದ್ದು ಸಿಲ್ವರ್‌ನಲ್ಲಿ. ರೇಟ್ ಕಮ್ಮಿ ಮಾಡಲು ಪೂರ್ತಿ ವಿಡಿಯೊ ತೆಗೆದುಹಾಕಿ, ಐದು ನಿಮಿಷದ ಹೈಲೈಟ್ಸ್ ಮಾತ್ರ ಇಟ್ಟಿದ್ದೆ. ಜಗಳೂರು ಕಡೆಯ ಒಂದು ಮನೆಗೆ ಅದನ್ನು ಕೊಡಲು ಹೋದಾಗ ಹುಡುಗನ ಅಜ್ಜಿ ಟಿವಿ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದರು. ಸ್ಲೋ ಮೋಷನ್, ಹಾಡು, ಎಲ್ಲಾ ಚೆನ್ನಾಗಿಯೇ ಇತ್ತು. ಮುಗಿದ ಮೇಲೆ ಅಜ್ಜಿ, "ನನ್ನ ತಮ್ಮ ಅಕ್ಕಿಕಾಳು ಹಾಕಿದ್ದು ಎಲ್ಲೈತಪ್ಪಾ?" ಅಂದರು. ಈ ಮದುವೆ ಮುಗಿದ ತಿಂಗಳೊಳಗೆ ಆ ತಮ್ಮ ತೀರಿಕೊಂಡಿದ್ದರು. ಪುಣ್ಯಕ್ಕೆ ಶೂಟ್ ಮಾಡಿದ್ದು ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಇತ್ತು. ಅಕ್ಕಿಕಾಳು ಹಾಕಲು ಬಂದವರ ಸಾಲನ್ನು ಪೂರ್ತಿ ಎಡಿಟ್ ಮಾಡಿ ದುಡ್ಡು ತಗೊಳ್ಳದೆ ಕೊಟ್ಟೆ. ಸ್ಟೇಟಸ್‌ಗೆ ಹಾಕಲು ಹುಡುಗ-ಹುಡುಗಿಗೆ ಹೈಲೈಟ್ಸ್ ಬೇಕು, ನಿಜ. ಮನೆಯವರು ಮತ್ತೆ ಮತ್ತೆ ನೋಡುವುದು ಮಾತ್ರ ಯಾರು ಬಂದಿದ್ದರು, ಯಾರು ಹರಸಿದರು ಅನ್ನೋದನ್ನು. ಕಮ್ಮಿ ದುಡ್ಡು ಕೊಟ್ಟವರಿಗೆ ಅದನ್ನೇ ಇಲ್ಲ ಅನ್ನುವುದು ಅನ್ಯಾಯ ಅಲ್ವಾ?

ಈಗ ನನ್ನದು ಒಂದೇ ಮೂಲ ಪ್ಯಾಕೇಜ್. ಆರತಕ್ಷತೆಯಿಂದ ಹೆಣ್ಣು ಒಪ್ಪಿಸುವವರೆಗೆ ಎರಡು ಕ್ಯಾಮೆರಾ, ಪೂರ್ತಿ ವಿಡಿಯೊ, ಚಿಕ್ಕದೊಂದು ಹೈಲೈಟ್ಸ್. ಡ್ರೋನ್, ಪ್ರೀ ವೆಡ್ಡಿಂಗ್, ಎಲ್‌ಇಡಿ ವಾಲ್, ಅರಿಶಿಣ ಶಾಸ್ತ್ರ ಎಲ್ಲಾ ಬಿಡಿ ರೇಟ್. ಮೂರರಲ್ಲಿ ನನಗೆ ನೆಮ್ಮದಿ ಕೊಟ್ಟಿದ್ದು ಇದೇ.

ಆದರೆ ಮೂಲ ರೇಟ್ ಇಡುವಾಗ ಸ್ಟೋರೇಜ್ ಖರ್ಚು ಮರೆಯಬೇಡಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಹತ್ತತ್ತು ಗಂಟೆ ಓಡಿದರೆ 900 ಜಿಬಿ. ಎರಡು ಕಾಪಿ ಇಡಲೇಬೇಕು, ಅಂದರೆ ಒಂದು ಮದುವೆಗೇ ಹತ್ತಿರ ಹತ್ತಿರ ಎರಡು ಟಿಬಿ.

ಪ್ರೀ ವೆಡ್ಡಿಂಗ್ ಬಿಡಿಯಾಗಿ ಇಡಲು ಕಾರಣ ಶೂಟ್ ಮಾಡುವ ಜಾಗ. ಕುಂದುವಾಡ ಕೆರೆ ಊರಲ್ಲೇ ಇದೆ, ಬೆಳಗಿನ ಬಿಸಿಲು ಏರುವ ಮೊದಲು ಮುಗಿಸಬಹುದು. ಚಿತ್ರದುರ್ಗದ ಕೋಟೆ ಅಂದರೆ 60 ಕಿಲೋಮೀಟರ್ ದಾರಿ. ಜೊತೆಗೆ ಅದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ. ಎರಡಕ್ಕೂ ಒಂದೇ ರೇಟ್ ಹೇಗೆ ಹೇಳೋದು?

ಇನ್ನೊಂದು ಮಾತು. ಜಗಳೂರಿನ ಅಜ್ಜಿಗೆ ಆಮೇಲೆ ಆ ಸಾಲಿನ ವಿಡಿಯೊ ಹಾಕಿ ಕೊಟ್ಟ ಪೆನ್ ಡ್ರೈವ್ ಅವರ ಹಳೇ ಟಿವಿಯಲ್ಲಿ ಮೊದಲು ಓಡಲೇ ಇಲ್ಲ. ಆ ಟಿವಿಗೆ ಎಫ್‌ಎಟಿ32 ಅನ್ನೋ ಹಳೇ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಬೇಕಿತ್ತು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಗಂಟೆಗೊಂದು ತುಂಡು ಮಾಡಿ, ಫುಲ್ ಎಚ್‌ಡಿಯಲ್ಲಿ ಮತ್ತೆ ಹಾಕಿಕೊಟ್ಟೆ. ಈಗ ಅಡ್ವಾನ್ಸ್ ತಗೊಳ್ಳುವ ದಿನವೇ ಮನೆಯ ಟಿವಿ ಯಾವುದು ಅಂತ ಕೇಳಿ ಬರೆದುಕೊಳ್ಳುತ್ತೇನೆ.