ಟೆಲಿ ಮಾನಸ್ 14416: ಮಾಜಿ ಸೈನಿಕನ ಮನೆಯಿಂದ ಒಂದು ಅನಿಸಿಕೆ

ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ನಮ್ಮ ಯಜಮಾನರು ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ವಿರಾಜಪೇಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಹಗಲೆಲ್ಲ ಸರಿಯಾಗಿಯೇ ಇರುತ್ತಾರೆ. ರಾತ್ರಿ ಕಿರುಚಿಕೊಂಡು ಎದ್ದು, ಬಾಗಿಲಿನ ಚಿಲಕವನ್ನು ಮತ್ತೆ ಮತ್ತೆ ನೋಡಿ, ಬೆಳಗಾಗುವವರೆಗೆ ಜಗಲಿಯಲ್ಲಿ ಕೂರುತ್ತಾರೆ. ಡಾಕ್ಟರ ಬಳಿ ಹೋಗೋಣ ಎಂದರೆ "ನನಗೇನು ಹುಚ್ಚೇ?" ಎಂಬುದೊಂದೇ ಉತ್ತರ.

ಮಾಜಿ ಸೈನಿಕರಿಗೆ 2003ರಿಂದ ಸರ್ಕಾರದ ಚಿಕಿತ್ಸಾ ಯೋಜನೆಯಾದ ಇಸಿಎಚ್‌ಎಸ್ ಇದೆ, ಹೆಂಡತಿಗೂ ಅದು ಸಲ್ಲುತ್ತದೆ. ಮಂಡಿ ನೋವಿಗೆ, ಸಕ್ಕರೆ ಕಾಯಿಲೆಗೆ ಆ ಕಾರ್ಡೇ ನಮ್ಮನ್ನು ಕಾಪಾಡಿದೆ. ಆದರೆ ವೈದ್ಯರ ಎದುರು ಬಂದು ಕೂರಲು ಒಪ್ಪದವರಿಗೆ ಕಾರ್ಡ್ ಏನು ಮಾಡೀತು? ಒಂದು ಕ್ಲಿನಿಕ್ಕಿಗೆ ನಾನೊಬ್ಬಳೇ ಹೋಗಿ ವಿಚಾರಿಸಿದೆ. "ಅವರನ್ನು ಕರೆದುಕೊಂಡು ಬನ್ನಿ" ಎಂದು ಕೌಂಟರಿನಿಂದಲೇ ಕಳುಹಿಸಿದರು. ಕರೆತರಲು ಆಗುವಂತಿದ್ದರೆ ಅಷ್ಟು ದೂರ ಬಸ್ಸಿನಲ್ಲಿ ಒಬ್ಬಳೇ ಏಕೆ ಹೋಗುತ್ತಿದ್ದೆ?

14416ರಲ್ಲಿ ಆ ತೊಡಕಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆಯವರ ಬದಲು ಮನೆಯವರೂ ಕರೆ ಮಾಡಬಹುದು.

ಫೋನೆತ್ತಿದ ಆಪ್ತಸಮಾಲೋಚಕಿಯ ದನಿ ಕೇಳಿದರೆ ನಮ್ಮ ಮಗಳ ವಯಸ್ಸಿರಬೇಕು. ಸಮಾಧಾನದ ಮಾತಿನಲ್ಲಿ ಹೊತ್ತು ಕಳೆಯದೆ ಅವಳು ಕೇಳಿದ್ದು ಇಷ್ಟು: ಕುಡಿಯುತ್ತಾರೆಯೇ, ಸಾಯುವ ಮಾತು ಆಡಿದ್ದಾರೆಯೇ, ಮನೆಯಲ್ಲಿ ಕೋವಿ ಇದೆಯೇ. ಕೊಡಗಿನ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು! ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸುವ ಕೋವಿಯನ್ನು ಮನೆಯಿಂದಾಚೆ ಇಡಿ ಎನ್ನಲು ನಮ್ಮ ನೆಂಟರಲ್ಲಿ ಯಾರಿಗೂ ಬಾಯಿ ಬಂದಿರಲಿಲ್ಲ. ಯಜಮಾನರನ್ನು ಕೇಳಿಯೇ ಭಾವನವರು ಅದನ್ನು ಕುಟುಂಬದ ಹಿರಿಮನೆಯಾದ ಐನ್‌ಮನೆಗೆ ಒಯ್ದರು.

ರಾತ್ರಿ ಬೆಚ್ಚಿದಾಗ ಮೈ ಮುಟ್ಟಿ ಎಬ್ಬಿಸಬೇಡಿ, ದೀಪ ಹಾಕಿ, ದೂರದಿಂದಲೇ ಹೆಸರು ಹಿಡಿದು ಕರೆಯಿರಿ ಎಂದೂ ಹೇಳಿದಳು. ಗಂಡನ ಹೆಸರು ನನ್ನ ನಾಲಗೆಗೆ ಬಾರದು. "ಸುಬೇದಾರ್ ಸಾಬ್, ಇದು ನಮ್ಮ ಮನೆ" ಎನ್ನುತ್ತೇನೆ, ಬೇಗ ಎಚ್ಚರಗೊಳ್ಳುತ್ತಾರೆ. ರಮ್ಮಿನಿಂದ ಬಂದ ನಿದ್ರೆ ನಡುರಾತ್ರಿಗೆ ಮುರಿಯುತ್ತದೆ, ಕೆಟ್ಟ ಕನಸು ಹೆಚ್ಚುತ್ತದೆ ಎಂಬುದನ್ನೂ ಬಿಡಿಸಿ ಹೇಳಿದಳು. ಸೇನಾ ಕ್ಯಾಂಟೀನಿನಿಂದ ಬರುವ ತಿಂಗಳ ರಮ್ಮಿನ ಕೋಟಾದ ಜಗಳ ಮಾತ್ರ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಿಂದ ಸೇನೆಯವರಿಗೆಂದೇ ಈ ಸಹಾಯವಾಣಿಯ ವಿಶೇಷ ಘಟಕವಿದೆ. ನನ್ನ ಯಾವ ಮಾತಿಗೂ ಜಗ್ಗದ ಯಜಮಾನರು ಈ ಸುದ್ದಿಗೆ ಪೇಪರ್ ಕೆಳಗಿಟ್ಟರು. "ಫೌಜಿನವರೂ ಫೋನ್ ಮಾಡುತ್ತಾರೆಯೇ?" ಎಂದು ಎರಡು ಸಲ ಕೇಳಿದರು.

ಒಂದು ಅಂಕ ಕಡಿಮೆ ಮಾಡಿದ್ದು ಫೋನಿಗಿರುವ ಮಿತಿಗಾಗಿ. ಇಂಥ ಕಾಯಿಲೆಯಲ್ಲಿ ರೋಗಿಯನ್ನು ಮನೋವೈದ್ಯರು ಕಣ್ಣೆದುರು ನೋಡಲೇಬೇಕಾದ ಘಟ್ಟ ಬರುತ್ತದೆ. ಅಲ್ಲಿಗೆ ಕರೆದೊಯ್ಯುವ ಪಾಡು ಮತ್ತೆ ಮನೆಯವರದೇ. ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಸಿಗ್ನಲ್ಲೂ ಇರುವುದಿಲ್ಲ, ಕಾಫಿ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಮಾತನಾಡಬೇಕು. ಪ್ರಾಣಕ್ಕೆ ಅಪಾಯವೆನಿಸಿದರೆ ಕಾಯದೆ 112ಕ್ಕೆ ಕರೆ ಮಾಡಿ.

ಯಜಮಾನರು ಈಗ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಬರಲು ಒಪ್ಪಿದ್ದಾರೆ. ಷರತ್ತು ಒಂದೇ: ಅದೇ ದಿನ ನಾನೂ ನನ್ನ ಬಿಪಿ ತೋರಿಸಬೇಕಂತೆ.