ನೈಮನ್ ಸಿನಿಮಾ ಸಂಗೀತ: ಆಲ್ಬಮ್, ಪ್ಲೇಲಿಸ್ಟ್, ಸಂಗ್ರಹ – ನಾನು ಮೂರನ್ನೂ ಕೇಳಿ ನೋಡಿದೆ

ಎರಡು ಸಿ.ಡಿ.ಗಳ ಸಂಗ್ರಹವನ್ನೇ ಮೊದಲು ಕೊಂಡಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು. ಇಂಗ್ಲೆಂಡಿನ ಸಂಗೀತ ಸಂಯೋಜಕ ಮೈಕೆಲ್ ನೈಮನ್ ಅವರ ಸಿನಿಮಾ ಸಂಗೀತವನ್ನು ನಾನು ಮೂರು ರೀತಿಯಲ್ಲಿ ಕೇಳಿದ್ದೇನೆ. ಮೊದಲು ‘ದಿ ಪಿಯಾನೋ’ ಚಿತ್ರದ ಆಲ್ಬಮ್, ಆಮೇಲೆ ಫೋನಿನ ಪ್ಲೇಲಿಸ್ಟ್, ಕೊನೆಗೆ ‘ಫಿಲ್ಮ್ ಮ್ಯೂಸಿಕ್ 1980–2001’ ಎಂಬ ಸಂಗ್ರಹ. ಈಗ ಮನೆಯಲ್ಲಿ ಹಾಕುವುದು ಈ ಸಂಗ್ರಹವನ್ನೇ.

‘ದಿ ಪಿಯಾನೋ’ ಆಲ್ಬಮ್ ಹಳೆಯ ಸಿ.ಡಿ. ಮಾರುವ ಅಂಗಡಿಯಲ್ಲಿ 350 ರೂಪಾಯಿಗೆ ಸಿಕ್ಕಿತು. 1993ರ ಚಿತ್ರ. ನಾಯಕಿ ಏಡಾ ಮಾತಾಡುವುದಿಲ್ಲ, ಅವಳ ಮಾತೆಲ್ಲ ಪಿಯಾನೋದಲ್ಲೇ. ನಟಿ ಹಾಲಿ ಹಂಟರ್ ಕ್ಯಾಮೆರಾ ಮುಂದೆ ತಾವೇ ನುಡಿಸಬೇಕಿತ್ತು, ಹಾಗಾಗಿ ನೈಮನ್ ಚಿತ್ರೀಕರಣಕ್ಕೆ ಮೊದಲೇ ಆ ತುಣುಕುಗಳನ್ನು ಬರೆದುಕೊಟ್ಟರು. ಏಡಾ ಸ್ಕಾಟ್ಲೆಂಡಿನವಳು ಅಂತ ಅಲ್ಲಿನ ಹಳೆಯ ಜನಪದ ಹಾಡುಗಳ ಧಾಟಿ ತೆಗೆದುಕೊಂಡರು. ಕೇಳಲು ತುಂಬ ಚೆಂದ. ಆದರೆ ಅದೇ ಕೆಲವು ಧಾಟಿಗಳು ಸುತ್ತಿ ಸುತ್ತಿ ಬರುತ್ತವೆ. ಸಿನಿಮಾಗೆ ಅದು ಬೇಕೇಬೇಕು. ಮನೆಯಲ್ಲಿ ಕೂತು ಕೇಳುವಾಗ ಮಾತ್ರ ಅರ್ಧ ದಾರಿಯಲ್ಲೇ ಮನಸ್ಸು ಭಾರವಾಗುತ್ತದೆ. ನೈಮನ್ ಅಂದರೆ ಬೇಸರದ ಪಿಯಾನೋ, ಅಷ್ಟೇ ಅಂದುಕೊಂಡುಬಿಟ್ಟೆ. ಎಷ್ಟು ದೊಡ್ಡ ತಪ್ಪು!

ಪ್ಲೇಲಿಸ್ಟ್ ಕೊಟ್ಟ ಕಾಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೈಮನ್ ತಮ್ಮ ಬ್ಯಾಂಡಿಗೆ ಬರೆದ ಎಷ್ಟೋ ತುಣುಕುಗಳು ಮೆಲ್ಲಗೆ ಕರಗಿ ಮುಗಿಯುವುದಿಲ್ಲ. ಸ್ಯಾಕ್ಸೋಫೋನ್, ಪಿಟೀಲು ಎಲ್ಲ ಒಟ್ಟಿಗೆ ಓಡಿ ಓಡಿ ಗಕ್ಕನೆ ನಿಲ್ಲುತ್ತವೆ. ನಿಂತ ಮೇಲಿನ ಆ ಒಂದೆರಡು ಸೆಕೆಂಡಿನ ಮೌನ ಕೂಡ ಸಂಗೀತವೇ ಅಲ್ವಾ? ನನ್ನ ಫೋನಿನಲ್ಲಿ ಆ ಮೌನ ಬರುತ್ತಲೇ ಇರಲಿಲ್ಲ. ಒಂದು ತುಣುಕು ನಿಲ್ಲುವ ಮೊದಲೇ ಮುಂದಿನದು ಒಳಗೆ ನುಗ್ಗುತ್ತಿತ್ತು. ಇವರ ಶೈಲಿಯೇ ಹೀಗಿರಬೇಕು ಅಂತ ಮೂರು ವಾರ ಸುಮ್ನೆ ಕೇಳಿದೆ. ಆಮೇಲೆ ತಿಳಿಯಿತು, ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಅನ್ನೋ ಆಯ್ಕೆ ಆರು ಸೆಕೆಂಡಿಗೆ ಆನ್ ಆಗಿತ್ತು. ಮದುವೆಮನೆಯಲ್ಲಿ ಹಾಡು ನಿಲ್ಲದಿರಲಿ ಅಂತ ನಾನೇ ಯಾವತ್ತೋ ಹಾಕಿದ್ದು.

ಅದನ್ನು ಆಫ್ ಮಾಡಿದೆ. ಆದರೂ ಸಮಸ್ಯೆ ಮುಗಿಯಲಿಲ್ಲ. ‘ದಿ ಪಿಯಾನೋ’ದ ಪ್ರಸಿದ್ಧ ತುಣುಕು ‘ದಿ ಹಾರ್ಟ್ ಆಸ್ಕ್ಸ್ ಪ್ಲೆಷರ್ ಫಸ್ಟ್’ ಅನ್ನೋ ಹೆಸರಿನಲ್ಲಿ ಯಾರ್‍ಯಾರೋ ನುಡಿಸಿದ್ದೆಲ್ಲ ಬರತೊಡಗಿತು. ಒಂದು ನಿದ್ದೆಗೆ, ಇನ್ನೊಂದು ಓದುವಾಗ ಕೇಳೋಕೆ ಅಂತೆ. ಎಲ್ಲವೂ ನಿಧಾನ. ಮೂಲದಲ್ಲಿ ಎಡಗೈಯ ಸ್ವರಗಳು ಕುದಿಯುವ ನೀರಿನ ಹಾಗೆ ಬಿಡದೆ ಉರುಳುತ್ತವೆ, ಧಾಟಿ ಅದರ ಮೇಲೆ ತೇಲುತ್ತದೆ. ವೇಗ ಇಳಿಸಿದರೆ ಆ ಕುದಿ ಹೋಗಿ ಬರೀ ಸಿಹಿ ಉಳಿಯುತ್ತದೆ. ನಾಲ್ಕನೆಯ ಸಲ ಹಾಗಾದಾಗ ಪ್ಲೇಲಿಸ್ಟನ್ನೇ ಅಳಿಸಿದೆ.

ಸಂಗ್ರಹಕ್ಕೆ ಅಂಚೆ ಖರ್ಚು ಸೇರಿ 1,400 ರೂಪಾಯಿ ಆಯಿತು. ಮೊದಲ ಡಿಸ್ಕ್‌ನಲ್ಲಿ ಬಹುಪಾಲು ನಿರ್ದೇಶಕ ಪೀಟರ್ ಗ್ರೀನವೇ ಅವರ ಚಿತ್ರಗಳ ಸಂಗೀತ. ‘ದಿ ಡ್ರಾಫ್ಟ್ಸ್‌ಮನ್ಸ್ ಕಾಂಟ್ರ್ಯಾಕ್ಟ್’ (1982) ಚಿತ್ರದ ತುಣುಕು ಶುರುವಾದಾಗ ಅಡುಗೆಮನೆಯಿಂದ ಎದ್ದು ಬಂದು ಕವರ್ ನೋಡಿದೆ, ಬೇರೆ ಯಾರದ್ದೋ ಡಿಸ್ಕ್ ಹಾಕಿದೆನಾ ಅಂತ. ಬೇಸರದ ಸುಳಿವೇ ಇಲ್ಲ. 17ನೇ ಶತಮಾನದ ಹೆನ್ರಿ ಪರ್ಸೆಲ್ ಬರೆದ ಮಂದ್ರದ ಸಾಲೊಂದನ್ನು ನೈಮನ್ ಎತ್ತಿಕೊಳ್ಳುತ್ತಾರೆ. ಅದು ತಿರುತಿರುಗಿ ಬರುತ್ತದೆ, ಮೇಲೆ ಉಳಿದವರು ಆಟ ಕಟ್ಟುತ್ತಾರೆ. ತಬಲಾ ಸೋಲೋದಲ್ಲಿ ಹಾರ್ಮೋನಿಯಂ ಲೆಹರಾ (ಮತ್ತೆ ಮತ್ತೆ ಬರುವ ಒಂದೇ ಸಾಲು) ಹಿಡಿದು ಕೂರುತ್ತದಲ್ಲ, ನನ್ನ ಕಿವಿಗೆ ಹಾಗೇ ಕೇಳಿಸಿತು. ಆ ಸಾಲನ್ನು ಹಿಡಿದುಕೊಂಡರೆ ಮಿನಿಮಲಿಸಂ, ಅಂದರೆ ಚಿಕ್ಕ ಚೂರುಗಳನ್ನೇ ತಿರುತಿರುಗಿಸಿ ಸಂಗೀತ ಕಟ್ಟುವ ಶೈಲಿ, ದೂರದ ವಿಷಯ ಅನ್ನಿಸುವುದಿಲ್ಲ. 1968ರಲ್ಲಿ, ವಿಮರ್ಶಕರಾಗಿದ್ದಾಗ, ಆ ಪದವನ್ನು ಸಂಗೀತಕ್ಕೆ ತಂದವರೂ ಇದೇ ನೈಮನ್.

‘ಡ್ರೌನಿಂಗ್ ಬೈ ನಂಬರ್ಸ್’ (1988) ಚಿತ್ರಕ್ಕೆ ಮೊಝಾರ್ಟ್‌ನ ಒಂದು ಕೃತಿಯ ನಿಧಾನ ಭಾಗವೇ ಬಂಡವಾಳ. ಪರ್ಸೆಲ್, ಮೊಝಾರ್ಟ್, ಸ್ಕಾಟ್ಲೆಂಡಿನ ಹಾಡು: ಹಳೆಯದೊಂದು ಚೂರು ತೆಗೆದುಕೊಂಡು, ಅದನ್ನೇ ತಿರುಗಿಸುತ್ತಾ ಹೊಸದು ಕಟ್ಟುವುದು ಇವರ ದಾರಿ. ಬರೀ ‘ದಿ ಪಿಯಾನೋ’ ಕೇಳುತ್ತಿದ್ದಾಗ ಇದು ನನಗೆ ಹೊಳೆದೇ ಇರಲಿಲ್ಲ. ಎರಡು ದಶಕದ ಕೆಲಸವನ್ನು ಒಟ್ಟಿಗೆ ಕೇಳಿದ ಮೇಲೆ ಹೊಳೆಯಿತು.

ಎರಡನೆಯ ಡಿಸ್ಕ್‌ನಲ್ಲಿ ‘ಗ್ಯಾಟಕಾ’ (1997) ಇದೆ, ತಂತಿವಾದ್ಯಗಳು ಉದ್ದುದ್ದ ಎಳೆಯುತ್ತವೆ. ‘ವಂಡರ್‌ಲ್ಯಾಂಡ್’ (1999) ಲಂಡನ್ನಿನ ಒಂದು ಸಾಮಾನ್ಯ ಕುಟುಂಬದ ಕಥೆ. ತುಣುಕುಗಳಿಗೆ ಪಾತ್ರಗಳ ಹೆಸರನ್ನೇ ಇಟ್ಟಿದ್ದಾರೆ: ಡೆಬಿ, ಫ್ರ್ಯಾಂಕ್ಲಿನ್. ಇದು ನನಗೆ ‘ದಿ ಪಿಯಾನೋ’ಗಿಂತ ಹತ್ತಿರ.

ಕೊರತೆಯೂ ಇದೆ. ಒಂದು ಚಿತ್ರದೊಳಗೆ ಮುಳುಗುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ. 2001ರ ಆಚೆಗಿನದು ಇಲ್ಲ. ಮ್ಯಾಂಡೋಲಿನ್ ಶ್ರೀನಿವಾಸ್ ಜೊತೆ ಮಾಡಿದ ‘ಸಂಗಂ’ (2003) ಸಿನಿಮಾದ್ದಲ್ಲ, ಅದನ್ನು ಬೇರೆಯಾಗಿಯೇ ಹುಡುಕಬೇಕು.

ನಾನು ಸಂಗೀತ ಕೇಳುವುದು ಸಂಜೆ ಅಡುಗೆಮನೆಯಲ್ಲಿ, ಕೈಗೆ ಕೆಲಸ ಇರುವಾಗ. ಹಳೆಯ ಡಿವಿಡಿ ಪ್ಲೇಯರಿಗೆ ಕೆಂಪು-ಬಿಳಿ ವೈರ್ ಹಾಕಿ ಸ್ಪೀಕರಿಗೆ ಕೊಟ್ಟಿದ್ದೇನೆ. ಮಧ್ಯೆ ಫೋನ್ ಮುಟ್ಟುವ ಹಾಗಿಲ್ಲ, ಜಾಹೀರಾತು ಇಲ್ಲ. ಸಿ.ಡಿ. ಹಾಕುವ ಸಾಧನವೇ ಇಲ್ಲದವರು ಅದಕ್ಕೆಂದು ಖರ್ಚು ಮಾಡಬೇಡಿ. ಫೋನಿನಲ್ಲೇ ಈ ಸಂಗ್ರಹದ ಹೆಸರು ಹುಡುಕಿ, ಷಫಲ್ ಮತ್ತು ಕ್ರಾಸ್‌ಫೇಡ್ ಎರಡನ್ನೂ ಆಫ್ ಮಾಡಿ, ಮೊದಲಿನಿಂದ ಕೇಳಿ. ‘ದಿ ಪಿಯಾನೋ’ ಸಿನಿಮಾ ನೋಡಿ ಮೆಚ್ಚಿದವರು ಆ ಆಲ್ಬಮ್ಮನ್ನೂ ತೆಗೆದುಕೊಳ್ಳಿ, ಆದರೆ ಎರಡನೆಯದಾಗಿ. ನಿನ್ನೆ ಅವರೆಕಾಯಿ ಬಿಡಿಸುತ್ತಾ ಮೊದಲ ಡಿಸ್ಕ್ ಹಾಕಿದ್ದೆ. ಎರಡು ಕೆಜಿ ಮುಗಿಯುವಷ್ಟರಲ್ಲಿ ಎರಡನೆಯದೂ ಅರ್ಧ ಆಗಿತ್ತು.