ಬೇಕರಿಯ ಕುಲ್ಚಾ ಪ್ಯಾಕೆಟ್, ನಮ್ಮನೆ ದೋಸೆ ಹೆಂಚು

ಮೈಸೂರಿನಲ್ಲಿ ಕೆಲಸ ಮುಗಿಸಿ, ರೈಲು ಹತ್ತಿ, ಮಂಡ್ಯದಲ್ಲಿ ಇಳಿಯುವಷ್ಟರಲ್ಲಿ ಏಳು ಗಂಟೆ ದಾಟಿರುತ್ತದೆ. ಚಪ್ಪಲಿ ಬಿಡುವ ಮೊದಲೇ ಮಕ್ಕಳಿಬ್ಬರದೂ ಒಂದೇ ರಾಗ, "ಅಮ್ಮಾ, ಪಿಜ್ಜಾ". ಆ ಹೊತ್ತಿನಲ್ಲಿ ಹಿಟ್ಟು ಕಲಸಿ ಉಬ್ಬಲಿ ಅಂತ ಕಾಯುವವರು ಯಾರು? ನಮ್ಮಲ್ಲಿ ಓವನ್ ಕೂಡ ಇಲ್ಲ. ಇರುವುದು ದೋಸೆ ಹೆಂಚು, ಅದಕ್ಕೊಂದು ಮುಚ್ಚಳ.

ಮೊದಲು ತಂದದ್ದು ಪಿಜ್ಜಾ ಬೇಸ್ ಅಂತಲೇ ಮಾರುವ ಪ್ಯಾಕೆಟ್. ಬೆರಳು ದಪ್ಪ ಇತ್ತು. ತಳ ಸೀದುಹೋಯಿತು, ಮೇಲೆ ಚೀಸ್ ಕರಗಲೇ ಇಲ್ಲ. ಬೇಸನ್ನು ಬೈದು ಪ್ರಯೋಜನವಿಲ್ಲ, ಅದು ಓವನ್ನಿಗೆ ಅಂತ ಮಾಡಿದ್ದು. ಅಲ್ಲಿ ಮೇಲಿಂದಲೂ ಕಾವು ಬರುತ್ತದೆ. ಹೆಂಚಿನಲ್ಲಿ ಕೆಳಗಿನಿಂದ ಮಾತ್ರ ಅಲ್ವಾ?

ಆಮೇಲೆ ಕೈಗೆ ಸಿಕ್ಕಿದ್ದು ಸ್ಟೇಷನ್ ಕಡೆಯಿಂದ ಬರುವಾಗ ಸಿಗುವ ಬೇಕರಿಯ ಕುಲ್ಚಾ. ಐದಕ್ಕೆ 50 ರೂಪಾಯಿ. ಮೈದಾದ್ದೇ, ಆದರೆ ತೆಳ್ಳಗೆ, ಮೆತ್ತಗೆ, ಆಗಲೇ ಬೆಂದಿರುತ್ತದೆ. ನಾವು ಗರಿಗರಿ ಮಾಡಿಕೊಂಡರೆ ಸಾಕು.

ಇಲ್ಲೊಂದು ಕೆಲಸ ತಪ್ಪಿಸಬೇಡಿ. ಎಣ್ಣೆ ಸವರಿದ ಹೆಂಚಿನ ಮೇಲೆ ಕುಲ್ಚಾದ ಒಂದು ಮಗ್ಗುಲನ್ನು ಕಂದು ಚುಕ್ಕೆ ಬರುವ ತನಕ ಕಾಯಿಸಿ. ಮಗುಚಿ ಹಾಕಿ, ಆ ಕಾದ ಮಗ್ಗುಲಿಗೇ ಸಾಸ್ ಬಳಿಯಿರಿ. ಹಸಿ ಮಗ್ಗುಲಿಗೆ ಬಳಿದರೆ ಟೊಮೆಟೊ ನೀರು ಹೀರಿಕೊಂಡು ಹಾಲಲ್ಲಿ ನೆನೆಸಿದ ಬನ್ನಿನ ಹಾಗಾಗುತ್ತದೆ. ಮೇಲೆ ಚೀಸ್ ಉದುರಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ. ಒಳಗೆ ಸಿಕ್ಕಿಬಿದ್ದ ಬಿಸಿಗೇ ಚೀಸ್ ಕರಗುತ್ತದೆ. ಕೊನೆಗೆ ಮುಚ್ಚಳ ತೆಗೆದು ಅರ್ಧ ನಿಮಿಷ ಬಿಡಿ, ಹಬೆಯ ಪಸೆ ಆರಲಿ. ಈರುಳ್ಳಿ, ದೊಣ್ಣೆ ಮೆಣಸಿನಕಾಯಿಯನ್ನು ಮೊದಲೇ ಬಾಡಿಸಿಟ್ಟುಕೊಳ್ಳಿ, ಈ ನಾಲ್ಕು ನಿಮಿಷಕ್ಕೆ ಅವು ಬೇಯುವುದಿಲ್ಲ.

ಚೀಸ್ ಅಂದರೆ ಮೊಜರೆಲ್ಲಾನೇ ಬೇಕು. ಒಮ್ಮೆ ಸ್ಯಾಂಡ್‌ವಿಚ್ಚಿಗೆ ತಂದಿದ್ದ ಸಂಸ್ಕರಿಸಿದ ಚೀಸ್ ತುರಿದು ಹಾಕಿದೆ. ರುಚಿ ಪರವಾಗಿಲ್ಲ, ಆದರೆ ಎಳೆ ಬರಲಿಲ್ಲ. ಮೊಜರೆಲ್ಲಾ ಮಾಡುವಾಗ ಹಾಲಿನ ಗಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಎಳೆಯುತ್ತಾರೆ, ಆ ಎಳೆತವೇ ಕರಗಿದಾಗ ದಾರವಾಗುವುದು. ಎಳೆ ಬರದಿದ್ದರೆ ನನ್ನ ಚಿಕ್ಕ ಮಗನ ಲೆಕ್ಕದಲ್ಲಿ ಅದು ಪಿಜ್ಜಾನೇ ಅಲ್ಲ.

ಸಾಸ್ ಭಾನುವಾರವೇ ಮಾಡಿ ಫ್ರಿಜ್ಜಿನಲ್ಲಿ ಇಡುತ್ತೇನೆ. ನಾಲ್ಕು ಟೊಮೆಟೊ, ಬೆಳ್ಳುಳ್ಳಿ, ಖಾರದ ಪುಡಿ, ಗಟ್ಟಿಯಾಗುವ ತನಕ ಕುದಿ. ಹುಳಿ ಜಾಸ್ತಿ ಅನ್ನಿಸಿದರೆ ಚೂರು ಬೆಲ್ಲ. ಮಂಡ್ಯದವಳು, ಬೆಲ್ಲ ಹಾಕದೆ ಇರ್ತೀನಾ!

ಕುಲ್ಚಾದ ಮೇಲೆ ನನ್ನ ದೂರು ಒಂದೇ. ಎರಡನೇ ಪ್ಯಾಕೆಟ್ಟಿನಲ್ಲಿ ಒಂದರ ಅಂಚಿಗೆ ಬೂಷ್ಟು ಬಂದಿತ್ತು, ಮೇಲೆ ಬರೆದ ತಾರೀಖು ಇನ್ನೂ ಎರಡು ದಿನ ಮುಂದಿತ್ತು. ಕೇಳಿದ್ದಕ್ಕೆ ಬೇರೆ ಪ್ಯಾಕೆಟ್ ಕೊಟ್ಟರು, ಮುಖ ಮಾತ್ರ ಗಂಟು. ಈಗ ಅಲ್ಲೇ ತಿರುಗಿಸಿ ನೋಡಿ ತರುತ್ತೇನೆ, ತಂದ ದಿನವೇ ಮುಗಿಸುತ್ತೇನೆ. ಐದಕ್ಕೆ ಮೂರೂವರೆ ನಕ್ಷತ್ರ. ಆ ಬೂಷ್ಟು ಇಲ್ಲದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಅತ್ತೆಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ. ಮೊದಲ ದಿನ ತಟ್ಟೆ ನೋಡಿ, "ರೊಟ್ಟಿ ಮ್ಯಾಲೆ ಗೊಜ್ಜು ಬಳ್ದು ಇದುಕ್ಕೊಂದು ಹೆಸ್ರಾ ಕಣವ್ವಾ?" ಅಂದಿದ್ದರು. ಪ್ಯಾಕೆಟ್ಟಿನ ಐದನೆಯದು ಯಾರಿಗೆ ಅಂತ ಮಕ್ಕಳು ದಿನಾ ಜಗಳ ಆಡುತ್ತಿದ್ದರು. ಹೋದ ವಾರದಿಂದ ಆ ಜಗಳ ಇಲ್ಲ. ಮುದ್ದೆ ಮುಗಿಸಿದ ಮೇಲೆ ಅತ್ತೆ ಅದನ್ನು ಬಿಸಿ ಮಾಡಿಸಿಕೊಂಡು, ತುಪ್ಪ ಸವರಿ, ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿ ತಿನ್ನುತ್ತಿದ್ದಾರೆ.